ಸುಧಾರಣೆಯ ಸಾಹಿತ್ಯವೂ ನೆಲೆಸಿದವರ ಸಾಕ್ಷ್ಯವೂ

೧

ಸಾಹಿತ್ಯದಿಂದ ಸಮಾಜವು ತಿದ್ದಿಕೊಳ್ಳುವುದುಂಟೆ ಎಂಬ ಪ್ರಶ್ನೆ ಹೊಸದಲ್ಲ. ಉಂಟು ಎಂದು ವಾದಿಸುವವರು ಸಾಮಾನ್ಯವಾಗಿ ಮೊದಲು ಎತ್ತಿಕೊಳ್ಳುವ ಹೆಸರು ಅಮೇರಿಕದ ಅಪ್ಟನ್ ಸಿಂಕ್ಲೇರನ ‘ದಿ ಜಂಗಲ್’ ಕಾದಂಬರಿಯದು. ಚಿಕಾಗೋ ನಗರದ ಮಾಂಸದ ಕಾರ್ಖಾನೆಗಳನ್ನು ಕುರಿತ ಈ ಪುಸ್ತಕ ೧೯೦೬ರ ಫೆಬ್ರವರಿಯಲ್ಲಿ ಹೊರಬಂತು. ಅದೇ ವರ್ಷದ ಜೂನ್ ೩೦ರಂದು ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟನು ಮಾಂಸ ತಪಾಸಣೆಯ ಕಾನೂನಿಗೂ, ಶುದ್ಧ ಆಹಾರ ಮತ್ತು ಔಷಧಗಳ ಕಾನೂನಿಗೂ ಸಹಿ ಹಾಕಿದನು. ಒಂದು ಕಾದಂಬರಿಗೂ ಒಂದು ದೇಶದ ಶಾಸನಕ್ಕೂ ನಡುವೆ ಸುಮಾರು ನಾಲ್ಕೇ ತಿಂಗಳ ಅಂತರವಿರುವ ನಿದರ್ಶನ ಬಹಳ ವಿರಳವೆಂದೇ ಹೇಳಬೇಕು.

ಆದರೆ ಈ ನಿದರ್ಶನವನ್ನು ಪೂರ್ತಿಯಾಗಿ ಪರಿಶೀಲಿಸಿದರೆ ಅದು ಸಾಧಿಸಿಕೊಡುವುದು ವಾದದ ಅರ್ಧವನ್ನು ಮಾತ್ರ. ಆ ಸುಧಾರಣೆ ಯಾರನ್ನು ತಲುಪಿತು, ಯಾರನ್ನು ಬಿಟ್ಟುಬಿಟ್ಟಿತು ಎಂಬ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ದೂರದ ಚಿಕಾಗೋವಿನ ಈ ಪ್ರಶ್ನೆಯನ್ನು ಕುಂಬ್ಡಾಜೆಯಂಥ ಊರಿನಲ್ಲಿ ಕುಳಿತು ನಾವು ಏಕೆ ಕೇಳಬೇಕೆಂದು ಓದುಗರಿಗೆ ಅನಿಸಬಹುದು. ಕಾಸರಗೋಡು ಜಿಲ್ಲೆಯಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ಪೀಡಿತವಾದುವೆಂದು ಸರ್ಕಾರವೇ ಗುರುತಿಸಿದ ೧೧ ಪಂಚಾಯತುಗಳಲ್ಲಿ ಕುಂಬ್ಡಾಜೆಯೂ ಒಂದು. ಎಣ್ಮಕಜೆ, ಬದಿಯಡ್ಕ, ಬೆಳ್ಳೂರು, ಕಾರಡ್ಕ, ಮುಳಿಯಾರುಗಳು ನಮ್ಮ ನೆರೆಹೊರೆಯವು. ಉದ್ಯಮ ಬೆಳೆಯಿತು, ಅದರ ಬೆನ್ನಿಗೆ ನೋವು ಬಂತು, ನೋವಿನ ಬೆನ್ನಿಗೆ ಬರಹವೂ ಚಳವಳಿಯೂ ಬಂದವು: ಅಮೇರಿಕದ ಚರಿತ್ರೆಯ ಪುಸ್ತಕದಲ್ಲಿ ನಾವು ಮಕ್ಕಳಿಗೆ ಪಾಠವಾಗಿ ಹೇಳುವ ಈ ಕ್ರಮವೇ ನಮ್ಮ ಗುಡ್ಡಗಳ ತಪ್ಪಲಿನಲ್ಲಿಯೂ ನಡೆದುಹೋಗಿದೆ. ಆದಕಾರಣ ಆ ಸಾಹಿತ್ಯವನ್ನು ಈ ಊರಿನಿಂದ ಓದಿ ನೋಡುವ ಅಧಿಕಾರವೂ ಹೊಣೆಯೂ ನಮಗಿದೆ ಎಂದು ನಾವು ಭಾವಿಸುತ್ತೇವೆ.

೨

ಮೊದಲು ಆ ದೇಶದ ಸ್ಥಿತಿಯನ್ನು ಸಂಕ್ಷೇಪವಾಗಿ ನೋಡೋಣ. ೧೮೬೫ರಲ್ಲಿ ಅಂತರ್ಯುದ್ಧ ಮುಗಿದ ಮೇಲೆ ಅಮೇರಿಕದ ಉದ್ಯಮವು ಹಿಂದೆಂದೂ ಕಾಣದ ವೇಗದಿಂದ ಬೆಳೆಯಿತು. ೧೮೬೯ರಲ್ಲಿ ಒಂದು ಸಮುದ್ರದ ಕಡೆಯಿಂದ ಇನ್ನೊಂದರ ಕಡೆಗೆ ರೈಲುದಾರಿ ಕೂಡಿಕೊಂಡಿತು. ಎಣ್ಣೆ, ಉಕ್ಕು, ಮಾಂಸ ಈ ಮೂರೂ ಕೆಲವೇ ಮನೆತನಗಳ, ಕೂಟಗಳ ಕೈಸೇರಿದುವು. ೧೯೦೧ರಲ್ಲಿ ಸ್ಥಾಪನೆಗೊಂಡ ಒಂದೇ ಉಕ್ಕಿನ ಕಂಪೆನಿಯ ಬಂಡವಾಳ ನೂರು ಕೋಟಿ ಡಾಲರುಗಳನ್ನು ಮೀರಿತ್ತು. ಚಿಕಾಗೋವಿನ ದೊಡ್ಡ ಪಶುಪೇಟೆ ತೆರೆದದ್ದು ೧೮೬೫ರ ಕೊನೆಯಲ್ಲಿ. ಅದೇ ೧೮೬೫ರಲ್ಲಿ ನಮ್ಮ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರ ಹಂಚಿನ ಕಾರ್ಖಾನೆ ಆರಂಭವಾಯಿತೆಂಬುದನ್ನು ಇಲ್ಲಿ ನೆನೆಯಬಹುದು. ಗಾತ್ರದಲ್ಲಿ ಹೋಲಿಕೆಯೇ ಇಲ್ಲವಾದರೂ ಕಾಲ ಒಂದೇ.

ಈ ಬೆಳವಣಿಗೆಯ ಬೆನ್ನಿಗೆ ಸುಧಾರಕರು ಹುಟ್ಟಿಕೊಂಡರು. ೧೮೮೯ರಲ್ಲಿ ಜೇನ್ ಆಡಮ್ಸ್ ಎಂಬಾಕೆ ಗೆಳತಿಯೊಬ್ಬಳೊಡನೆ ಚಿಕಾಗೋವಿನ ಬಡವರ ಕೇರಿಯಲ್ಲಿ ‘ಹಲ್ ಹೌಸ್’ ಎಂಬ ಮನೆಯನ್ನು ತೆರೆದಳು. ೧೮೯೦ರಲ್ಲಿ ಜೇಕಬ್ ರೀಸ್ ಎಂಬ ಪತ್ರಕರ್ತ ನ್ಯೂಯಾರ್ಕಿನ ಬಾಡಿಗೆ ಮನೆಗಳ ಕತ್ತಲೆಯನ್ನು ಚಿತ್ರಗಳ ಸಮೇತ ಪುಸ್ತಕವಾಗಿಸಿದನು. ೧೯೦೪ರಲ್ಲಿ ಐಡಾ ಟಾರ್ಬೆಲ್ ಎಣ್ಣೆಯ ಕಂಪೆನಿಯ ಚರಿತ್ರೆಯನ್ನು ಕಾಗದಪತ್ರಗಳ ಆಧಾರದಿಂದ ಬರೆದಳು. ೧೯೧೧ರ ಮಾರ್ಚ್ ೨೫ರಂದು ನ್ಯೂಯಾರ್ಕಿನ ಉಡುಪಿನ ಕಾರ್ಖಾನೆಯೊಂದಕ್ಕೆ ಬೆಂಕಿ ಬಿದ್ದು ೧೪೬ ಮಂದಿ ಸತ್ತರು. ಹೆಚ್ಚಿನವರು ಎಳೆಯ ಹೆಣ್ಣುಮಕ್ಕಳು. ಆ ಬಳಿಕವೇ ಅಲ್ಲಿನ ಕಾರ್ಖಾನೆಗಳ ಬಾಗಿಲು, ಮೆಟ್ಟಿಲುಗಳ ಬಗ್ಗೆ ನಿಯಮಗಳು ಬಿಗಿಯಾದುವು. ಕೆಸರು ಕೆದಕುವವರೆಂದು ೧೯೦೬ರಲ್ಲಿ ರೂಸ್‌ವೆಲ್ಟನು ಇಂಥ ಲೇಖಕರನ್ನು ಗದರಿಸಿದ್ದೂ ಉಂಟು. ಲೇಖಕರು ಆ ಬೈಗಳನ್ನೇ ಬಿರುದಾಗಿ ಧರಿಸಿದರು.

ಈ ಬರಹಗಾರರಲ್ಲಿ ಎರಡು ಬಗೆಯವರನ್ನು ನಾವು ಗುರುತಿಸಬಯಸುತ್ತೇವೆ. ಬಂದು, ನೋಡಿ, ಬರೆದು ಹೋದವರು ಒಂದು ಬಗೆ. ಅಲ್ಲಿಯೇ ನೆಲೆಸಿ, ದಿನದಿನವೂ ಕಂಡು ಬರೆದವರು ಇನ್ನೊಂದು ಬಗೆ. ಸಾಹಿತ್ಯದ ಚರಿತ್ರೆ ಮೊದಲನೆಯವರನ್ನು ಹೆಚ್ಚಾಗಿ ನೆನೆಯುತ್ತದೆ. ಆದರೆ ಯಾರ ಬರಹ ಎಷ್ಟು ದೂರ ತಲುಪಿತು ಎಂದು ಅಳೆಯುವಾಗ ಎರಡನೆಯವರನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ. ಇದೇ ಈ ಲೇಖನದ ಮುಖ್ಯ ಪ್ರತಿಪಾದನೆ.

೩

ಸಿಂಕ್ಲೇರನು ಮೊದಲನೆಯ ಬಗೆಗೆ ಸೇರಿದವನು. ೧೯೦೪ರಲ್ಲಿ ಏಳು ವಾರಗಳ ಕಾಲ ಅವನು ಚಿಕಾಗೋವಿನ ಆ ಪ್ರದೇಶದಲ್ಲಿ ತಿರುಗಾಡಿ ವಿಷಯ ಸಂಗ್ರಹಿಸಿದನು. ಲಿಥುವೇನಿಯಾದಿಂದ ವಲಸೆ ಬಂದ ಯೂರ್ಗಿಸ್ ಎಂಬ ಬಲಿಷ್ಠ ಯುವಕ ಕಥಾನಾಯಕ. ದುಡಿದರೆ ಬದುಕಬಹುದೆಂಬ ಒಂದೇ ನಂಬಿಕೆಯಿಂದ ಅವನು ಕಾರ್ಖಾನೆಯ ಬಾಗಿಲಿಗೆ ಬರುತ್ತಾನೆ. ತಂದೆ ಸಾಯುತ್ತಾನೆ, ಸಾಲದ ಮೇಲೆ ಕೊಂಡ ಮನೆ ಕೈಬಿಡುತ್ತದೆ, ಹೆಂಡತಿ ಹೆರಿಗೆಯಲ್ಲಿ ತೀರಿಕೊಳ್ಳುತ್ತಾಳೆ. ಇದಿಷ್ಟೂ ದುಡಿಮೆಗಾರನ ಕಥೆ. ಮಾಂಸದ ಕೊಳಕು ಈ ಪುಸ್ತಕದಲ್ಲಿ ಕೆಲವೇ ಪುಟಗಳ ವಿಷಯ.

ಆದರೂ ಓದುಗರು ಹಿಡಿದುಕೊಂಡದ್ದು ಆ ಕೆಲವೇ ಪುಟಗಳನ್ನು. ಕೊಬ್ಬು ಕಾಯಿಸುವ ಕೊಪ್ಪರಿಗೆಗೆ ಆಳುಗಳು ಬಿದ್ದುಹೋಗುವ ಪ್ರಸ್ತಾಪ ಒಂದೆಡೆ ಬರುತ್ತದೆ. ಅದನ್ನು ಓದಿದ ಜನ ನಡುಗಿದ್ದು ಬಿದ್ದವನಿಗಾಗಿ ಅಲ್ಲ. ಆ ಕೊಬ್ಬು ತಮ್ಮ ಅಡುಗೆಮನೆಗೆ ಬಂದಿರಬಹುದಲ್ಲ ಎಂದು. ತಾನು ಜನರ ಹೃದಯಕ್ಕೆ ಗುರಿಯಿಟ್ಟಿದ್ದೆ, ಏಟು ಹೊಟ್ಟೆಗೆ ತಾಗಿತು ಎಂಬರ್ಥದ ಮಾತನ್ನು ಸಿಂಕ್ಲೇರನೇ ಮುಂದೆ ಆಡಿದನು. ಕಾನೂನೂ ಹಾಗೆಯೇ ಬಂತು. ತಿನ್ನುವವನ ತಟ್ಟೆಗೆ ರಕ್ಷಣೆ ದೊರೆಯಿತು. ತಪಾಸಣೆಯ ಖರ್ಚನ್ನು ಸರ್ಕಾರ ವಹಿಸಿಕೊಂಡಿತು. ಕಡಿಯುವವನ ಕೂಲಿಯನ್ನಾಗಲಿ ಬೆರಳನ್ನಾಗಲಿ ಆ ಶಾಸನ ಕೇಳಲಿಲ್ಲ.

ಇಲ್ಲಿಯವರೆಗಿನದು ಎಲ್ಲರೂ ಹೇಳುವ ಮಾತು. ನಾವು ಗಮನಿಸಬೇಕಾದ ಇನ್ನೊಂದು ಸಂಗತಿ ಅದೇ ಪುಸ್ತಕದಲ್ಲಿ ಇದೆ. ಕಾರ್ಖಾನೆಗಳ ಹೊಲಸೆಲ್ಲ ಹರಿದು ಸೇರುವ ಒಂದು ತೋಡನ್ನು ಸಿಂಕ್ಲೇರನು ವರ್ಣಿಸುತ್ತಾನೆ. ಅದರ ತಳದಿಂದ ಗುಳ್ಳೆಗಳು ಏಳುತ್ತಲೇ ಇದ್ದ ಕಾರಣ ಜನ ಅದಕ್ಕೆ ‘ಬಬ್ಲಿ ಕ್ರೀಕ್’ ಎಂದರು. ಗುಳ್ಳೆತೋಡು ಎಂದು ನಾವು ಅನ್ನಬಹುದು. ಮೇಲೆ ಕಟ್ಟಿದ ಜಿಡ್ಡಿನ ಪದರದ ಮೇಲೆ ಕೋಳಿಗಳು ನಡೆದಾಡುತ್ತಿದ್ದುವಂತೆ. ಕೂಲಿಗಾರರ ಮನೆಗಳು ನಿಂತದ್ದು ಕಸ ತುಂಬಿಸಿ ಎತ್ತರಿಸಿದ ನೆಲದ ಮೇಲೆ. ಕಲ್ಲು ಹಾಸದ ಆ ಬೀದಿಯಲ್ಲಿ ನಿಂತ ನೀರಿನಲ್ಲಿಯೇ ಯೂರ್ಗಿಸನ ಪುಟ್ಟ ಮಗು ಮುಳುಗಿ ಸಾಯುತ್ತದೆ. ಆ ಮಗು ಕಾರ್ಖಾನೆಯ ಆಳಲ್ಲ. ಅಲ್ಲಿಯ ಮಾಂಸವನ್ನು ಕೊಂಡು ತಿಂದು ಸತ್ತದ್ದೂ ಅಲ್ಲ. ಅದು ಕಾರ್ಖಾನೆಯ ನೆರೆಯಲ್ಲಿ ಬದುಕಿದ್ದ ಮಗು, ಅಷ್ಟೆ.

ಕಥೆಯಲ್ಲಿ ಇಷ್ಟು ಸ್ಪಷ್ಟವಾಗಿರುವ ಈ ನೆರೆಯವನನ್ನು ಓದುಗನೂ ಕಾಣಲಿಲ್ಲ, ಶಾಸನವೂ ಕಾಣಲಿಲ್ಲ. ಲೇಖಕನಾದರೂ ಅವನ ಕೈಹಿಡಿದನೆ? ಇಲ್ಲವೆಂದೇ ನಮ್ಮ ಅಭಿಪ್ರಾಯ. ಮಗು ಸತ್ತ ಮೇಲೆ ನಾಯಕ ಊರು ಬಿಟ್ಟು ಅಲೆಯುತ್ತಾನೆ; ಕೊನೆಯ ಅಧ್ಯಾಯಗಳು ಸಮಾಜವಾದದ ಭಾಷಣಗಳಾಗಿ ಮಾರ್ಪಡುತ್ತವೆ. ತತ್ತ್ವ ಸರಿಯೋ ತಪ್ಪೋ ಎಂಬುದು ಬೇರೆ ಮಾತು. ಕಾದಂಬರಿಯ ದೃಷ್ಟಿಯಿಂದ ನೋಡಿದರೆ ಕಣ್ಣಿಗೆ ಕಟ್ಟಿದ ತೋಡು, ಬೀದಿ, ಮಗು ಎಲ್ಲವೂ ಮರೆಯಾಗಿ ಸಭಾಂಗಣವೊಂದು ಉಳಿಯುತ್ತದೆ. ಏಳು ವಾರಗಳಲ್ಲಿ ಸಂಗ್ರಹಿಸಿದ ಸಾಮಗ್ರಿ ಮುಗಿದೊಡನೆ ಭಾಷಣ ಶುರುವಾಯಿತೆಂದರೆ ತೀರ ಕಠಿನವಾದ ಮಾತಾಗಲಾರದು.

ಅದೇ ಕೇರಿಯಲ್ಲಿ ೧೮೯೪ರಿಂದ ನೆಲೆಸಿದ್ದ ಮೇರಿ ಮ್ಯಾಕ್‌ಡೊವೆಲ್ ಎಂಬಾಕೆ ಆ ತೋಡನ್ನೂ ಕಸದ ಗುಂಡಿಗಳನ್ನೂ ಕುರಿತು ವರ್ಷಗಟ್ಟಲೆ ನಗರಾಡಳಿತದೊಡನೆ ಹೋರಾಡಿದಳು. ಹಲ್ ಹೌಸಿನಲ್ಲಿ ವಾಸವಾಗಿದ್ದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಸೀಸದ ವಿಷ ಏರಿದ ಕೂಲಿಗಾರರನ್ನು ಆಸ್ಪತ್ರೆಯ ದಾಖಲೆಗಳಲ್ಲಿಯೂ ಅವರವರ ಮನೆಗಳಲ್ಲಿಯೂ ಹುಡುಕಿ ಪಟ್ಟಿಮಾಡಿದಳು. ಆ ಸಮೀಕ್ಷೆಯ ಬೆನ್ನಿಗೆ ೧೯೧೧ರಲ್ಲಿ ಇಲಿನಾಯ್ ಸಂಸ್ಥಾನವು ಔದ್ಯೋಗಿಕ ರೋಗಗಳ ಕಾನೂನನ್ನು ಮಾಡಿತು. ಸಿಂಕ್ಲೇರನ ಕಾದಂಬರಿಯಷ್ಟು ಸದ್ದು ಇದು ಮಾಡಲಿಲ್ಲ. ಆದರೆ ದುಡಿಯುವವನ ಮೈಯನ್ನು ಮುಟ್ಟಿದ್ದು ಈ ಕಾನೂನು. ನೆಲೆಸಿದವರ ಸಾಕ್ಷ್ಯವೆಂದು ನಾವು ಹೇಳಿದ್ದು ಇದನ್ನೇ.

೪

ನಮ್ಮ ಜಿಲ್ಲೆಗಳ ಕಡೆಗೆ ತಿರುಗೋಣ. ಇಲ್ಲಿ ದೊಡ್ಡ ಉದ್ಯಮವು ಒಳನಾಡಿನ ಬಡವನನ್ನು ಮುಟ್ಟಿದ್ದು ಹೆಚ್ಚಾಗಿ ತೋಟದ ರೂಪದಲ್ಲಿ, ಎಂದರೆ ಘಟ್ಟದ ಮೇಲಿನ ಎಸ್ಟೇಟುಗಳ ರೂಪದಲ್ಲಿ. ೧೯೩೩ರಲ್ಲಿ ಪ್ರಕಟವಾದ ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ಅಸ್ಪೃಶ್ಯತೆಯ ಕಾದಂಬರಿಯೆಂದು ನಾವು ತರಗತಿಯಲ್ಲಿ ಹೇಳುತ್ತೇವೆ. ಅದು ಸರಿ. ಆದರೆ ಅದು ಎಸ್ಟೇಟಿನ ಕಾದಂಬರಿಯೂ ಹೌದು ಎಂಬುದನ್ನು ಮರೆಯಬಾರದು. ಚೋಮನ ಮಕ್ಕಳು ಘಟ್ಟ ಹತ್ತುವುದು ಸಾಲ ತೀರಿಸುವುದಕ್ಕಾಗಿ. ಒಬ್ಬ ಮಗ ಚಳಿಜ್ವರಕ್ಕೆ ಬಲಿಯಾಗುತ್ತಾನೆ. ಇನ್ನೊಬ್ಬ ಅಲ್ಲಿಯೇ ಮದುವೆಯಾಗಿ ಉಳಿಯುತ್ತಾನೆ. ಮಗಳು ಬೆಳ್ಳಿಯ ಮೂಲಕ ಸಾಲದ ಲೆಕ್ಕ ಚುಕ್ತಾ ಆದ ರೀತಿಯನ್ನು ಓದಿದವರು ಮರೆಯಲಾರರು.

ಇಲ್ಲಿಯೂ ಒಂದು ಮಗು ನೀರಿನಲ್ಲಿ ಮುಳುಗುತ್ತದೆ. ಚೋಮನ ಕಿರಿಯ ಮಗ ನೀಲ ಹೊಳೆಯಲ್ಲಿ ಮುಳುಗುವಾಗ ದಡದಲ್ಲಿ ಜನರಿದ್ದಾರೆ. ಮುಟ್ಟಬಾರದೆಂಬ ಕಾರಣದಿಂದ ಯಾರೂ ಇಳಿಯುವುದಿಲ್ಲ. ಸಿಂಕ್ಲೇರನ ಮಗುವಿಗೂ ಕಾರಂತರ ನೀಲನಿಗೂ ಹೋಲಿಕೆ ಆಕಸ್ಮಿಕವೇ ಇರಬಹುದು. ಆದರೂ ಎರಡನ್ನೂ ಜೊತೆಗಿಟ್ಟು ನೋಡಿದರೆ ಒಂದು ಭೇದ ಸ್ಪಷ್ಟವಾಗುತ್ತದೆ. ಚಿಕಾಗೋವಿನ ಬೀದಿಯಲ್ಲಿ ಮಗು ಸಾಯುವಾಗ ನೋಡುವವರಿಲ್ಲ. ನಮ್ಮ ಹೊಳೆಯ ದಡದಲ್ಲಿ ನೋಡುತ್ತ ನಿಂತವರಿದ್ದಾರೆ. ಕಾರಂತರು ಆ ನಿಂತವರನ್ನು ಬಿಡದೆ ತೋರಿಸುತ್ತಾರೆ. ಓದುಗನು ತನ್ನ ತಟ್ಟೆಯನ್ನು ಕುರಿತು ಹೆದರುವುದಕ್ಕೆ ಇಲ್ಲಿ ಆಸ್ಪದವೇ ಇಲ್ಲ. ದಡದಲ್ಲಿ ತಾನಿದ್ದಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿಕೊಳ್ಳಲೇಬೇಕಾಗುತ್ತದೆ.

ಕಾದಂಬರಿಯ ಮುಗಿತಾಯವೂ ಹಾಗೆಯೇ. ಚೋಮ ಬಾಗಿಲು ಮುಚ್ಚಿ ದುಡಿ ಬಾರಿಸುತ್ತ ಪ್ರಾಣ ಬಿಡುತ್ತಾನೆ. ಭಾಷಣವಿಲ್ಲ, ಪರಿಹಾರದ ಸೂಚನೆಯಿಲ್ಲ. ಪುತ್ತೂರಿನಲ್ಲಿ ನೆಲೆಸಿ, ಆ ಸುತ್ತಿನ ಹಳ್ಳಿಗಳನ್ನು ಕಾಲ್ನಡಿಗೆಯಿಂದ ಬಲ್ಲ ಲೇಖಕರಿಗೆ ತಾವು ಕಂಡದ್ದರ ಮೇಲೆ ಸಿದ್ಧಾಂತವನ್ನು ಹೇರಬೇಕೆಂಬ ಅಗತ್ಯ ತೋರಿರಲಾರದು.

೫

ಈಗ ನಮ್ಮ ಗುಡ್ಡಗಳ ವಿಷಯ. ಅದಕ್ಕೆ ಮೊದಲು ಅಮೇರಿಕದ ಇನ್ನೊಂದು ಪುಸ್ತಕವನ್ನು ಹೆಸರಿಸಬೇಕು. ರೇಚೆಲ್ ಕಾರ್ಸನ್ ಎಂಬ ವಿಜ್ಞಾನಿ ಬರೆದ ‘ಸೈಲೆಂಟ್ ಸ್ಪ್ರಿಂಗ್’ ೧೯೬೨ರಲ್ಲಿ ಬಂತು. ಕೀಟನಾಶಕಗಳು ಹಕ್ಕಿ, ಮೀನು, ಮಣ್ಣು, ಮನುಷ್ಯ ಎಲ್ಲರನ್ನೂ ಹೇಗೆ ಸುತ್ತಿಕೊಳ್ಳುತ್ತವೆಂದು ಅದು ವಿವರಿಸಿತು. ಆ ಪುಸ್ತಕದ ಹುಟ್ಟಿಗೆ ಪ್ರೇರಣೆಯಾದದ್ದು ೧೯೫೮ರ ಒಂದು ಕಾಗದ. ಮ್ಯಾಸಚೂಸೆಟ್ಸಿನ ಡಕ್ಸ್‌ಬರಿ ಎಂಬ ಊರಿನ ಓಲ್ಗಾ ಹಕಿನ್ಸ್ ಎಂಬಾಕೆ, ತಮ್ಮ ಮನೆಯ ಮೇಲೆ ವಿಮಾನದಿಂದ ಡಿಡಿಟಿ ಸಿಂಪಡಿಸಿದ ಬಳಿಕ ಹಕ್ಕಿಗಳು ಸತ್ತು ಬಿದ್ದುದನ್ನು ಕುರಿತು ಬರೆದಿದ್ದರು. ಜಗತ್ತನ್ನೇ ಎಚ್ಚರಿಸಿದ ಗ್ರಂಥದ ಬುಡದಲ್ಲಿಯೂ ಹೀಗೆ ನೆಲೆಸಿದವಳೊಬ್ಬಳ ಸಾಕ್ಷ್ಯವಿದೆ. ೧೯೭೨ರಲ್ಲಿ ಅಮೇರಿಕವು ಬೇಸಾಯದಲ್ಲಿ ಡಿಡಿಟಿಯ ಬಳಕೆಯನ್ನು ನಿಷೇಧಿಸಿತು. ಕಾರ್ಖಾನೆಯ ಒಳಗಿನವನನ್ನೂ ಸರಕು ಕೊಳ್ಳುವವನನ್ನೂ ದಾಟಿ ನೆರೆಯವನನ್ನು ಕಾಣುವುದಕ್ಕೆ ಆ ದೇಶದ ಸುಧಾರಣಾ ಸಾಹಿತ್ಯಕ್ಕೆ ‘ದಿ ಜಂಗಲ್’ ಬಂದು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಅಲ್ಲಿ ಡಿಡಿಟಿ ನಿಂತ ಕೆಲವೇ ವರ್ಷಗಳಲ್ಲಿ, ೧೯೭೦ರ ದಶಕದ ಕೊನೆಯ ಭಾಗದಲ್ಲಿ, ಅದೇ ವರ್ಗಕ್ಕೆ ಸೇರಿದ ಎಂಡೋಸಲ್ಫಾನನ್ನು ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸತೊಡಗಿದರು. ತೋಟಗಳು ೧೯೬೨ರಲ್ಲಿ ಸ್ಥಾಪಿತವಾದ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನವು. ವಿಸ್ತಾರ ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಮಿಕ್ಕು. ಗೇರಿನ ಚಿಗುರಿನ, ಹೂವಿನ ರಸ ಹೀರುವ ಟೀ ಸೊಳ್ಳೆಯನ್ನು ಕೊಲ್ಲುವುದು ಉದ್ದೇಶ. ವರ್ಷಕ್ಕೆ ಎರಡು ಮೂರು ಸಲದಂತೆ ಎರಡು ದಶಕಗಳಿಗೂ ಹೆಚ್ಚು ಕಾಲ ಇದು ನಡೆಯಿತು.

ನಮ್ಮ ಭೂಮಿಯ ಏರುತಗ್ಗನ್ನು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೇರು ಇರುವುದು ಗುಡ್ಡದ ನೆತ್ತಿಯಲ್ಲಿ. ಮನೆ, ಅಡಿಕೆ ತೋಟ, ಗದ್ದೆ ಇರುವುದು ತಪ್ಪಲಿನಲ್ಲಿ. ಕುಡಿಯುವ ನೀರು ಅದೇ ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದ ಸುರಂಗದಿಂದ, ಇಲ್ಲವೆ ಅದೇ ಗುಡ್ಡದಿಂದ ಇಳಿಯುವ ತೋಡಿನಿಂದ ಬರುತ್ತದೆ. ನೆತ್ತಿಯ ಮೇಲೆ ಬಿದ್ದದ್ದು ತಪ್ಪಲಿಗೆ ಬಾರದೆ ಇರುವುದಿಲ್ಲ. ಚಿಕಾಗೋವಿನ ಗುಳ್ಳೆತೋಡಿನ ನಾತ ಮೂಗಿಗಾದರೂ ಬಡಿಯುತ್ತಿತ್ತು. ನಮ್ಮ ಸುರಂಗದ ನೀರು ಕಣ್ಣಿಗೆ ತಿಳಿಯಾಗಿಯೇ ಇತ್ತು.

ಭಾಷೆಯೂ ನಮ್ಮನ್ನು ಎಚ್ಚರಿಸಲಿಲ್ಲ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು ಸುಣ್ಣಗಳ ದ್ರಾವಣ ಹೊಡೆಯುವುದನ್ನು ನಮ್ಮವರು ‘ಮದ್ದು ಬಿಡುವುದು’ ಎನ್ನುತ್ತಾರೆ. ಜ್ವರಕ್ಕೆ ವೈದ್ಯರು ಕೊಡುವುದೂ ಮದ್ದು. ಆಕಾಶದಿಂದ ಬಿದ್ದದ್ದಕ್ಕೂ ಅದೇ ಹೆಸರು. ಒಂದೇ ಶಬ್ದ ರಕ್ಷಿಸುವುದನ್ನೂ ಕೊಲ್ಲುವುದನ್ನೂ ಹೇಳುವಾಗ, ಮದ್ದಿನಿಂದ ಕೇಡಾಯಿತೆಂದು ನಂಬುವುದಕ್ಕೆ ಜನರಿಗೆ ಸಮಯ ಬೇಕಾಯಿತು.

ಮೊದಲು ಕಂಡವರು ಯಾರು? ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮದಲ್ಲಿ ನೆಲೆಸಿದ ಪತ್ರಕರ್ತ ಶ್ರೀಪಡ್ರೆಯವರು ೧೯೭೯ರಲ್ಲಿಯೇ ವಿಕಲವಾಗಿ ಹುಟ್ಟಿದ ಕರುಗಳ ಬಗ್ಗೆ ಬರೆದರು. ಅಲ್ಲಿಯೇ ವಾಣೀನಗರದಲ್ಲಿ ಚಿಕಿತ್ಸಾಲಯ ಇಟ್ಟುಕೊಂಡಿದ್ದ ಡಾಕ್ಟರ್ ವೈ. ಎಸ್. ಮೋಹನ ಕುಮಾರರು ಒಂದೇ ತೋಡಿನ ಬದಿಯ ಮನೆಗಳಲ್ಲಿ ವಿಚಿತ್ರ ಕಾಯಿಲೆಗಳು ಗುಂಪುಗೂಡಿರುವುದನ್ನು ಗಮನಿಸಿ ದಾಖಲಿಸಿದರು. ಪೆರಿಯದಲ್ಲಿ ತೋಟದ ಸಮೀಪವೇ ವಾಸವಾಗಿದ್ದ ಕೃಷಿ ಅಧಿಕಾರಿ ಲೀಲಾಕುಮಾರಿ ಅಮ್ಮ ೧೯೯೮ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ೨೦೦೦ದ ಕೊನೆಗೆ ಹೆಲಿಕಾಪ್ಟರಿನ ಸಿಂಪಡಣೆ ನಿಂತಿತು. ಪತ್ರಕರ್ತ, ವೈದ್ಯ, ಕೃಷಿ ಅಧಿಕಾರಿ ಈ ಮೂವರೂ ನೆಲೆಸಿದವರೆಂಬುದು ಓದುಗರ ಗಮನಕ್ಕೆ ಬಾರದಿರದು. ಹೊರಗಿನ ಸಂಸ್ಥೆಗಳೂ ವಿಜ್ಞಾನಿಗಳೂ ಬಂದದ್ದು ಆಮೇಲೆ.

ಇನ್ನೊಂದು ಭೇದವನ್ನೂ ಇಲ್ಲಿ ಹೇಳಬೇಕು. ಅಮೇರಿಕದ ಸುಧಾರಕರು ಖಾಸಗಿ ಕೂಟಗಳ ವಿರುದ್ಧ ಸರ್ಕಾರದ ಮೊರೆಹೊಕ್ಕರು. ನಮ್ಮಲ್ಲಿ ತೋಟದ ಒಡೆತನವೇ ಸರ್ಕಾರದ್ದು. ಆದಕಾರಣ ನಮ್ಮ ಜನ ಒಡೆಯನ ಬಾಗಿಲಲ್ಲಿ ನಿಂತು ಒಡೆಯನ ಮೇಲೆಯೇ ದೂರು ಹೇಳಬೇಕಾಯಿತು. ಕೊನೆಗೆ ನ್ಯಾಯಾಲಯವೊಂದೇ ದಾರಿಯಾಯಿತು.

೬

ಈ ವಿಷಯವನ್ನು ಕಾದಂಬರಿಯಾಗಿ ಮಾಡಿದವರು ಮಲಯಾಳದ ಅಂಬಿಕಾಸುತನ್ ಮಾಂಗಾಡ್. ಅವರೂ ಈ ಜಿಲ್ಲೆಯವರೇ, ಅವರೂ ಅಧ್ಯಾಪಕರೇ. ಅವರ ‘ಎನ್ಮಗಜೆ’ ೨೦೦೯ರಲ್ಲಿ ಪ್ರಕಟವಾಯಿತು, ೨೦೧೭ರಲ್ಲಿ ಜೆ. ದೇವಿಕಾ ಅವರ ಇಂಗ್ಲಿಷ್ ಅನುವಾದ ‘ಸ್ವರ್ಗ’ ಎಂಬ ಹೆಸರಿನಿಂದ ಬಂತು. ಸ್ವರ್ಗವೆಂಬುದು ಎಣ್ಮಕಜೆಯಲ್ಲಿ ನಿಜವಾಗಿಯೂ ಇರುವ ಊರಿನ ಹೆಸರು. ಲೋಕದ ಗದ್ದಲ ಬೇಡವೆಂದು ಗುಡ್ಡದ ಮೇಲೆ ಬಂದು ನೆಲೆಸಿದ ನೀಲಕಂಠ, ದೇವಯಾನಿ ಎಂಬ ಇಬ್ಬರ ಬದುಕಿನೊಳಗೆ ಮೈತುಂಬ ಹುಣ್ಣಾದ ಒಂದು ಮಗು ಬರುತ್ತದೆ. ಅಲ್ಲಿಂದ ಕಥೆ ತೋಡಿನ ಬದಿಯ ಮನೆಗಳಿಗೆ ಇಳಿಯುತ್ತದೆ.

ಈ ಕಾದಂಬರಿಯ ದೊಡ್ಡ ಗುಣವೆಂದರೆ ‘ದಿ ಜಂಗಲ್’ನಲ್ಲಿ ಅಂಚಿಗೆ ಸರಿದಿದ್ದ ನೆರೆಯವನನ್ನು ನಡುಮನೆಗೆ ತಂದು ಕೂರಿಸಿರುವುದು. ಇಲ್ಲಿ ಕಾರ್ಖಾನೆಯ ಆಳಿನ ಕಥೆಯಿಲ್ಲ, ಗೇರುಬೀಜ ತಿನ್ನುವವನ ಕಥೆಯೂ ಇಲ್ಲ. ಗುಡ್ಡದ ಕೆಳಗೆ ಹುಟ್ಟಿದವನ ಕಥೆಯಿದೆ. ಹೆಸರುಗಳಲ್ಲಿಯೂ ಲೇಖಕರ ವಿವೇಚನೆ ಕಾಣುತ್ತದೆ. ವಿಷವನ್ನು ಕಂಠದಲ್ಲಿ ತಡೆದವನ ಹೆಸರು ನಾಯಕನಿಗೆ. ವಿಷದಿಂದ ಸಾಯುವನೆಂದು ಶಾಪಗ್ರಸ್ತನಾದ ಪರೀಕ್ಷಿತನ ಹೆಸರು ಮಗುವಿಗೆ. ಭಾಗವತವನ್ನೂ ಯಕ್ಷಗಾನವನ್ನೂ ಬಲ್ಲ ನಮ್ಮ ಕಡೆಯ ಓದುಗನಿಗೆ ಈ ಹೆಸರುಗಳೇ ಅರ್ಧ ಕಥೆಯನ್ನು ಹೇಳಿಬಿಡುತ್ತವೆ.

ದೋಷವನ್ನೂ ಹೇಳದಿದ್ದರೆ ವಿಮರ್ಶೆಯಾಗದು. ನಡುಭಾಗದಲ್ಲಿ ಚಳವಳಿಯ ಮಾಹಿತಿ ಪಾತ್ರಗಳ ಬಾಯಲ್ಲಿ ಬರುವಾಗ ಸಂಭಾಷಣೆ ವರದಿಯಾಗುತ್ತದೆ. ಇದು ಸುಧಾರಣಾ ಕಾದಂಬರಿಗಳಿಗೆಲ್ಲ ತಗಲುವ ಜಾಡ್ಯ. ಸಿಂಕ್ಲೇರನನ್ನೂ ಅದು ಬಿಟ್ಟಿಲ್ಲ. ಕೊನೆಯಲ್ಲಿ ಗಂಡೂ ಹೆಣ್ಣೂ ಮನುಷ್ಯಲೋಕವನ್ನು ತೊರೆದು ಗುಹೆಯೊಂದನ್ನು ಸೇರುತ್ತಾರೆ. ಪುರಾಣದ ಗಾಂಭೀರ್ಯವುಳ್ಳ ಮುಗಿತಾಯವೆಂಬುದು ನಿಜ. ಆದರೂ ಇಲ್ಲಿ ನಮಗೊಂದು ತಕರಾರಿದೆ. ಗುಹೆಗೆ ಹೋಗುವ ಸ್ವಾತಂತ್ರ್ಯ ಆ ಇಬ್ಬರಿಗಿದ್ದೀತು. ಎದ್ದು ನಿಲ್ಲಲಾರದ ಮಗುವನ್ನು ಸೊಂಟದಲ್ಲಿ ಹೊತ್ತ ತಾಯಿಗೆ ಅದು ಇಲ್ಲ. ೨೦೧೯ರ ಆರಂಭದಲ್ಲಿ ಈ ಜಿಲ್ಲೆಯ ತಾಯಂದಿರು ಮಕ್ಕಳೊಡನೆ ತಿರುವನಂತಪುರದ ಸಚಿವಾಲಯದ ಎದುರು ಕುಳಿತರು. ಕಾದಂಬರಿ ಲೋಕಕ್ಕೆ ಬೆನ್ನುಹಾಕಿದ ಕಡೆಯಲ್ಲಿ ಈ ತಾಯಂದಿರು ಲೋಕದ ಎದುರಿಗೆ ಹೋಗಿ ಕುಳಿತರು. ಭಾಷಣ, ದುಡಿ, ಗುಹೆ ಎಂಬ ಮೂರು ಮುಗಿತಾಯಗಳನ್ನು ತೂಗಿ ನೋಡಿದರೆ ನಮಗೆ ಇಂದಿಗೂ ದುಡಿಯೇ ಹೆಚ್ಚು ಸತ್ಯವೆಂದು ತೋರುತ್ತದೆ. ಅದು ಪರಿಹಾರವನ್ನು ನಟಿಸುವುದಿಲ್ಲ, ತಪ್ಪಿಸಿಕೊಳ್ಳುವ ದಾರಿಯನ್ನೂ ತೋರಿಸುವುದಿಲ್ಲ. ಕೇಳಿಸಿಕೊಂಡವನ ಮೇಲೆ ಹೊಣೆಯನ್ನು ಬಿಟ್ಟುಹೋಗುತ್ತದೆ.

ಭಾಷೆಯ ವಿಷಯದಲ್ಲಿ ಒಂದು ಮಾತು. ೧೯೪೧ರಲ್ಲಿ ಕಯ್ಯೂರಿನ ರೈತರು ಎದ್ದುದನ್ನೂ, ೧೯೪೩ರ ಮಾರ್ಚ್ ೨೯ರಂದು ಅವರಲ್ಲಿ ನಾಲ್ವರು ನೇಣಿಗೇರಿ ಮಡಿದುದನ್ನೂ ೧೯೫೫ರಲ್ಲಿ ಕನ್ನಡ ಕಾದಂಬರಿಯಾಗಿ ಕೊಟ್ಟವರು ನಿರಂಜನರು, ಕೃತಿ ‘ಚಿರಸ್ಮರಣೆ’. ಕಯ್ಯೂರಿನ ಜನರ ಮಾತು ಮಲಯಾಳ. ತುಳು ಕನ್ನಡಗಳ ಎಣ್ಮಕಜೆಯ ನೋವನ್ನು ಕಾದಂಬರಿಯಾಗಿ ಕೊಟ್ಟವರು ಮಲಯಾಳದ ಲೇಖಕರು. ಕಯ್ಯೂರು ಚೀಮೇನಿಯೂ ಎಣ್ಮಕಜೆಯೂ ಇಂದು ಅದೇ ೧೧ ಪಂಚಾಯತುಗಳ ಪಟ್ಟಿಯಲ್ಲಿವೆ. ಗಡಿಯ ಬಗ್ಗೆ ನಮಗೆ ಎಷ್ಟೇ ನೋವಿರಲಿ, ೧೯೫೬ರ ನವೆಂಬರ್ ೧ರ ನೆನಪು ಎಷ್ಟೇ ಕಹಿಯಾಗಿರಲಿ, ಸಾಹಿತ್ಯದಲ್ಲಿ ಎರಡೂ ಭಾಷೆಗಳು ಒಂದರ ಋಣವನ್ನು ಇನ್ನೊಂದು ತೀರಿಸಿವೆ ಎಂಬುದನ್ನು ಮರೆಯಲಾಗದು.

೭

ಕಾನೂನು ಎಲ್ಲಿಯವರೆಗೆ ಬಂತು? ೨೦೧೧ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಸೇರಿದ ರಾಷ್ಟ್ರಗಳು ಎಂಡೋಸಲ್ಫಾನನ್ನು ಲೋಕದಿಂದಲೇ ತೊಲಗಿಸುವ ಒಪ್ಪಂದಕ್ಕೆ ಬಂದುವು. ಅದೇ ವರ್ಷ ಮೇ ೧೩ರಂದು ಭಾರತದ ಸುಪ್ರೀಂ ಕೋರ್ಟು ಅದರ ತಯಾರಿಕೆ ಮಾರಾಟ ಬಳಕೆಗಳನ್ನು ತಡೆಯಿತು. ೨೦೧೭ರ ಜನವರಿಯಲ್ಲಿ ಪೀಡಿತರಿಗೆ ತಲಾ ೫ ಲಕ್ಷ ರೂಪಾಯಿಗಳನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಆಜ್ಞೆಯಾಯಿತು. ೨೦೨೨ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ, ಐದು ವರ್ಷಗಳಾದರೂ ಆಜ್ಞೆ ಪಾಲನೆಯಾಗಿಲ್ಲವೆಂದು ರಾಜ್ಯ ಸರ್ಕಾರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು. ವಿಷಕ್ಕೆ ನಿಷೇಧ ಬಂದರೆ ಮುಗಿಯಲಿಲ್ಲ. ವಿಷ ತಗಲಿದವನ ಉಳಿದ ಆಯುಷ್ಯ ಸುಧಾರಣೆಯ ಲೆಕ್ಕಕ್ಕೆ ಬರಬೇಕು. ೧೯೦೬ರ ಅಮೇರಿಕದ ಕಾನೂನಿಗೆ ನಾವು ಹೇಳಿದ ಆಕ್ಷೇಪ ಇಲ್ಲಿಯೂ ಅಷ್ಟೇ ಸಲ್ಲುತ್ತದೆ.

ಪ್ರತಿಯೊಂದು ಕಾಯಿಲೆಗೂ ಎಂಡೋಸಲ್ಫಾನೇ ಕಾರಣವೆ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಭಿನ್ನಾಭಿಪ್ರಾಯ ಉಂಟು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಯ ಮಕ್ಕಳನ್ನು ಸಿಂಪಡಣೆಯಿಲ್ಲದ ಮೀಂಜದ ಮಕ್ಕಳೊಡನೆ ಹೋಲಿಸಿ, ಪಡ್ರೆಯಲ್ಲಿ ಬುದ್ಧಿಮಾಂದ್ಯ, ಜನ್ಮಜಾತ ವೈಕಲ್ಯ ಮೊದಲಾದುವು ಹೆಚ್ಚೆಂದು ೨೦೦೨ರ ವರದಿಯಲ್ಲಿ ಹೇಳಿದರು. ಅದನ್ನು ಒಪ್ಪದವರೂ ಇದ್ದಾರೆ. ಈ ವಾದವನ್ನು ತೀರ್ಮಾನಿಸುವುದು ಸಾಹಿತ್ಯ ವಿಮರ್ಶೆಯ ಕೆಲಸವಲ್ಲ. ಕಾದಂಬರಿ ಪ್ರಮಾಣಪತ್ರವೂ ಅಲ್ಲ. ಆದರೆ ವಾದ ಇಷ್ಟು ಕಾಲ ಬೆಳೆದದ್ದಕ್ಕೆ ಒಂದು ಕಾರಣ ಸ್ಪಷ್ಟವಾಗಿದೆ: ಸಿಂಪಡಣೆ ನಡೆದ ಎರಡು ದಶಕಗಳಲ್ಲಿ ಯಾವ ಮನೆಯಲ್ಲಿ ಏನಾಯಿತೆಂಬುದನ್ನು ಆಗಿಂದಾಗ್ಗೆ ಬರೆದಿಟ್ಟವರು ಬೆರಳೆಣಿಕೆಯ ಮಂದಿ.

ಇಲ್ಲಿ ಅಧ್ಯಾಪಕರ ಮಾತು ಬರುತ್ತದೆ. ಪತ್ರಕರ್ತನಾಗಲಿ ವಿಜ್ಞಾನಿಯಾಗಲಿ ಹಳ್ಳಿಗೆ ಬಂದು ಹೋಗುತ್ತಾನೆ. ವೈದ್ಯನ ಬಳಿಗೆ ಕಾಯಿಲೆಯವರು ಮಾತ್ರ ಹೋಗುತ್ತಾರೆ. ಊರಿನ ಮಕ್ಕಳನ್ನೆಲ್ಲ ಹೆಸರು ಹಿಡಿದು ಪ್ರತಿದಿನವೂ ಕರೆಯುವವನು ಅಧ್ಯಾಪಕನೊಬ್ಬನೇ. ಯಾವ ಮಗು ಯಾವ ತಿಂಗಳಲ್ಲಿ ಎಷ್ಟು ದಿನ ಬರಲಿಲ್ಲ, ಯಾವುದು ಮೂರನೆಯ ತರಗತಿಯಲ್ಲಿ ನಿಂತುಬಿಟ್ಟಿತು, ಯಾವ ಮನೆಯಿಂದ ಒಂದು ಮಗು ಬಂದು ಅದರ ಬೆನ್ನಿಗೆ ಹುಟ್ಟಿದ್ದು ಬರಲೇ ಇಲ್ಲ, ಇವೆಲ್ಲವೂ ನಮ್ಮ ಹಾಜರಿ ಪುಸ್ತಕದಲ್ಲಿ, ದಾಖಲಾತಿ ಪುಸ್ತಕದಲ್ಲಿ ಇವೆ. ಆಲಿಸ್ ಹ್ಯಾಮಿಲ್ಟನ್ ಆಸ್ಪತ್ರೆಯ ಕಡತಗಳನ್ನು ಓದಿದಂತೆ ಇವನ್ನು ಓದುವವರು ಬೇಕು.

ಭಾಷೆಯ ಕಾರಣದಿಂದ ಈ ಹೊಣೆ ಗಡಿನಾಡಿನಲ್ಲಿ ಇಮ್ಮಡಿಯಾಗುತ್ತದೆ. ಸರ್ಕಾರದ ಕಡತ ಮಲಯಾಳದಲ್ಲಿದೆ. ವರದಿ, ತೀರ್ಪುಗಳು ಇಂಗ್ಲಿಷಿನಲ್ಲಿವೆ. ಅಜ್ಜಿಯು ತನ್ನ ಮೊಮ್ಮಗನ ಬಗ್ಗೆ ಹೇಳುವುದು ತುಳುವಿನಲ್ಲಿ, ಕನ್ನಡದಲ್ಲಿ, ಮರಾಠಿಯಲ್ಲಿ. ಹೇಳಿದ ಮಾತಿಗೂ ಬರೆದ ಕಡತಕ್ಕೂ ನಡುವೆ ಎಷ್ಟು ಸೋರಿಹೋಗುತ್ತದೆಂಬುದನ್ನು ತರಗತಿಯಲ್ಲಿ ಎರಡು ಮೂರು ಭಾಷೆಗಳ ಮಕ್ಕಳನ್ನು ಕೂರಿಸಿಕೊಂಡ ನಾವೇ ಬಲ್ಲೆವು. ಮನೆತನಗಳ ಮಾನಕ್ಕೆ ಕುಂದು ಬಾರದಂತೆ, ಹೆಸರನ್ನು ಮರೆಮಾಡಿ, ವರ್ಷ, ನೀರಿನ ಮೂಲ, ಹೇಳಿದವರ ಮಾತು ಇಷ್ಟನ್ನು ಅವರವರ ನುಡಿಯಲ್ಲಿಯೇ ಬರೆದಿಡುವ ಒಂದೊಂದು ಪುಸ್ತಕ ಈ ೧೧ ಪಂಚಾಯತುಗಳ ಪ್ರತಿ ಶಾಲೆಯಲ್ಲಿಯೂ ಇರಬೇಕೆಂದು ನಮ್ಮ ಸೂಚನೆ. ಹಲವೆಡೆ ನಡೆಯುತ್ತಿರುವ ಬಡ್ಸ್ ಶಾಲೆಗಳ ಅಧ್ಯಾಪಕಿಯರನ್ನು ಈ ಕೆಲಸದಲ್ಲಿ ಮೊದಲು ಕೇಳಬೇಕು. ಅವರಷ್ಟು ಬಲ್ಲವರು ಬೇರೆ ಇಲ್ಲ.

ಇದರಿಂದ ಕಾದಂಬರಿ ಹುಟ್ಟೀತೆ, ಕಾನೂನು ಬದಲಾದೀತೆ ಎಂದು ಈಗಲೇ ಕೇಳುವುದು ಬೇಡ. ಮಗುವೊಂದು ಮುಳುಗುವಾಗ ದಡದಲ್ಲಿ ಯಾರು ನಿಂತಿದ್ದರೆಂಬುದನ್ನು ಕಾರಂತರು ಬರೆದಿಟ್ಟರು. ನಮ್ಮ ಕಾಲದ ದಡದಲ್ಲಿ ಅಧ್ಯಾಪಕರೂ ನಿಂತಿದ್ದರು. ಕಂಡದ್ದನ್ನು ಬರೆದಿಡುವಷ್ಟರ ಮಟ್ಟಿಗಾದರೂ ನೀರಿಗೆ ಇಳಿಯುವುದು ನಮ್ಮಿಂದ ಆಗಬೇಕಾದ ಕೆಲಸ.